ಪಟ್ಟಿಯಲ್ಲಿ ಒಬ್ಬ ಹುಡುಗ

ಹೆಣ್ಣು ಗಂಡು ಸಮಾನ ಎಂದು ಅಣ್ಣ ಕಾಲೇಜಿನಲ್ಲಿ ಮಾಡಿದ ಮೊದಲ ಭಾಷಣವನ್ನು ಬರೆದುಕೊಟ್ಟವಳು ನಾನು. ಅದನ್ನು ಕೇಳಲು ಮಾತ್ರ ನಾನು ಅಲ್ಲಿರಲಿಲ್ಲ. ಮನೆಯಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದೆ.

ನಮ್ಮದು ಕಂಪಲಾಪುರದ ಪಕ್ಕದ ಹಳ್ಳಿ. ಅಣ್ಣ ಪಿಯುಸಿಯಲ್ಲಿ ಒಂದು ವರ್ಷ ಡುಮ್ಕಿ ಹೊಡೆದಿದ್ದರಿಂದ ಪಿರಿಯಾಪಟ್ಟಣದ ಡಿಗ್ರಿ ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸು. ಮಳೆಗಾಲದಲ್ಲಿ ಸೊಪ್ಪು ಮುರಿಯಲು ಶುರುವಾದರೆ ಹಸಿ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಗೆ ಏರಿಸಬೇಕು. ಮುರಿದ ಸೊಪ್ಪು ಯಾರಿಗಾಗಿಯೂ ಕಾಯುವುದಿಲ್ಲ. ಬ್ಯಾರನ್ನಿನ ಬೆಂಕಿ ನೋಡುವುದು ಅಪ್ಪ, ಜಗಲಿಯಲ್ಲಿ ಕೂತು ಕಟ್ಟುವುದು ಅವ್ವ ಮತ್ತು ನಾನು. ಆಳು ಕರೆಯೋಣ ಎಂದರೆ ಅವ್ವ, "ಈ ಟೈಮಲ್ಲಿ ಆಳು ಎಲ್ ಸಿಕ್ತವೆ ಕಣವ್ವ" ಎನ್ನುತ್ತಿದ್ದಳು. ಊರಿನಲ್ಲೆಲ್ಲ ಅದೇ ಕೆಲಸವಿದ್ದ ಕಾಲ, ನಿಜವಿರಬೇಕು ಎಂದು ನಂಬಿದ್ದೆ. ಅಣ್ಣ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದ.

ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂದು ಅವನನ್ನು ಆಡಿಕೊಳ್ಳಬಹುದಿತ್ತು. ಆದರೆ ಅವನು ಬೂಟಾಟಿಕೆಯವನಲ್ಲ. ಸಂಜೆ ಮೈದಾನದಲ್ಲಿ ಹುಡುಗಿಯರಿಗೂ ವಾಲಿಬಾಲ್ ಆಡಲು ಬಿಡಬೇಕೆಂದು ತನ್ನ ಗೆಳೆಯರ ಜೊತೆಯೇ ಜಗಳವಾಡಿ ಗೆದ್ದಿದ್ದ. ನಮ್ಮ ಮನೆಯ ಜಗಲಿ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವುದಕ್ಕೆ ಈಗ ನಾಚಿಕೆಯಾಗುತ್ತದೆ. ಸೊಪ್ಪಿನ ಕರಿ ಅಂಟನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅದೇ ಕೈಯಲ್ಲಿ ಸಮಾನತೆ ಎಂದು ಬರೆದಿದ್ದೆನಲ್ಲ.

ಮೊದಲ ವರ್ಷ ಹಾಜರಾತಿ ಸಾಲದೆ, ಮೇಷ್ಟ್ರ ಕೈಕಾಲು ಹಿಡಿದು ಹೇಗೋ ಪಾರಾದೆ. ಎರಡನೇ ವರ್ಷ, ಹಾಜರಾತಿ ಸಾಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಅದರಲ್ಲಿದ್ದವರೆಲ್ಲ ಸೊಪ್ಪು ಬೆಳೆಯುವ ಮನೆಗಳ ಹುಡುಗಿಯರೇ, ನಾನೂ ಇದ್ದೆ. ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕೆಳಗೆ ಬರೆದಿತ್ತು. ಮನೆಯಲ್ಲಿ ಹೇಳಿದರೆ ಅವ್ವ ಕಡ್ಡಿಯಿಂದ ತಲೆಯೆತ್ತದೆ, "ಓಗ್ಲಿ ಬುಡು, ಬರೋ ವರ್ಸ ಬರುದ್ರಾಯ್ತು" ಎಂದಳು.

ಅಣ್ಣ ಬಿಡಲಿಲ್ಲ. ಹುಡುಗಿಯರಿಗೆ ರಿಯಾಯಿತಿ ಕೊಡಿ ಎಂದು ಮನವಿ ಬರೆದು, ಎಲ್ಲರ ಸಹಿ ಹಾಕಿಸಿ, ನಮ್ಮನ್ನೆಲ್ಲ ಪ್ರಿನ್ಸಿಪಾಲ್ ಮೇಡಂ ಹತ್ತಿರ ಕರೆದುಕೊಂಡು ಹೋದ. ಅವರು ನಿಧಾನವಾಗಿ ಓದಿದರು.

"ಸುಮ್ನೆ ಹಾಜರಾತಿ ಕೊಡೋಕಾಗಲ್ಲ. ಒಂದು ತಿಂಗಳು ಬೆಳಿಗ್ಗೆ ಬೇಗ ಸ್ಪೆಷಲ್ ಕ್ಲಾಸ್ ಮಾಡಿಸ್ತೀನಿ. ಒಂದು ದಿನಾನೂ ತಪ್ಪಿಸದೆ ಬಂದವರಿಗೆ ಹಾಲ್ ಟಿಕೆಟ್."

ಹೊರಗೆ ಕಾದಿದ್ದ ಅಣ್ಣನ ಗೆಳೆಯರು ಚಪ್ಪಾಳೆ ತಟ್ಟಿದರು. ನಾವು ಹುಡುಗಿಯರು ತಟ್ಟಲಿಲ್ಲ. ಅಣ್ಣ ಯಾಕೆಂದು ನನ್ನ ಮುಖ ನೋಡಿದ.

"ನಾಳಿಂದ ಸೊಪ್ಪು ಯಾರ್ ಕಟ್ತಾರೆ ಅಣ್ಣ?" ಎಂದೆ.

ಮರುದಿನ ನಾನು ಏಳುವಷ್ಟರಲ್ಲಿ ಜಗಲಿಯ ಮೇಲೆ ಅವ್ವನ ಎದುರು ಕೂತಿದ್ದ.

"ಏಳ್ಲಾ ಮ್ಯಾಕೆ, ಇದೇನ್ ಗಂಡೈಕ್ಳು ಮಾಡೋ ಕೆಲ್ಸ್ವಾ?" ಎಂದು ಅವ್ವ ಗದರಿದಳು.

ಅವನು ಏಳಲಿಲ್ಲ. ಕಟ್ಟಿದ್ದೂ ಚೆನ್ನಾಗಿರಲಿಲ್ಲ, ಕಡ್ಡಿ ಎತ್ತಿದರೆ ಎಲೆ ಉದುರುತ್ತಿತ್ತು. ಬ್ಯಾರನ್ನಿನೊಳಗೆ ಕಾದ ಕೊಳವೆಯ ಮೇಲೆ ಎಲೆ ಬಿದ್ದರೆ ಬೆಂಕಿ ಹತ್ತುತ್ತದೆಂದು ಅವ್ವ ಬೈದುಕೊಂಡೇ ಎಲ್ಲವನ್ನೂ ಬಿಚ್ಚಿ ಕಟ್ಟಿದಳು. ವಾರ ಕಳೆಯುವುದರೊಳಗೆ ಕಲಿತ. ತಿಂಗಳಿಡೀ ಅವನು ಕಾಲೇಜು ಬಿಟ್ಟು ಸೊಪ್ಪು ಕಟ್ಟಿದ, ನಾನು ಒಂದು ಕ್ಲಾಸೂ ತಪ್ಪಿಸಲಿಲ್ಲ. ಅಷ್ಟು ಹಗುರವಾಗಿ ನಾನು ಯಾವತ್ತೂ ಬಸ್ಸು ಹತ್ತಿದವಳಲ್ಲ.

ತಿಂಗಳ ಕೊನೆಗೆ ಹೊಸ ಪಟ್ಟಿ ಬಂತು. ನನ್ನ ಹೆಸರು ಹೋಗಿತ್ತು, ಅಣ್ಣನದು ಬಂದಿತ್ತು. ಇನ್ನು ಹದಿನೈದು ದಿನ ಬಿಡದೆ ಬಂದರೆ ಸರಿಹೋಗುತ್ತದೆ ಎಂದು ಮೇಡಂ ಹೇಳಿದರು. ಗೆಳೆಯರು ಅವನನ್ನು ರೇಗಿಸಿದರು, ಅವನೂ ನಕ್ಕ.

ಆ ಸಂಜೆ ಅವನೇ ಅವ್ವನಿಗೆ ವಿಷಯ ಹೇಳಿದ. ಅವ್ವ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು, ಸೆರಗು ಕೊಡವಿಕೊಂಡು ಬೀದಿಗೆ ಹೋದಳು. ಬೆಳಿಗ್ಗೆ ನೋಡಿದರೆ ಜಗಲಿಯಲ್ಲಿ ಇಬ್ಬರು ಕೂಲಿ ಹೆಂಗಸರು ಕೂತು ಸೊಪ್ಪು ಕಟ್ಟುತ್ತಿದ್ದರು.

ಕೇಳಿದವನು ಅಣ್ಣ.

"ಅವ್ವ, ಇವಳ ಎಸ್ರು ಬಂದಾಗ ಯಾಕ್ ಆಳು ಕರೀನಿಲ್ಲ ನೀನು?"

ಅವ್ವ ಅವನ ಬ್ಯಾಗಿಗೆ ಬುತ್ತಿ ಇಡುತ್ತಿದ್ದಳು. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ ಹೇಳಿದಳು.

"ನಿಂದು ಒಂದ್ ವರ್ಸ ಓಯ್ತದಲ್ಲ ಮಗ."