ಗಾಡಿ ಮನೆಯ ನೆಲ

ಮನೆ ಕಟ್ಟಿ ಮುಗಿಯುವಷ್ಟರಲ್ಲಿ ಕೈ ಬರಿದಾಗಿರುತ್ತದೆ ಎಂಬುದು ಕಟ್ಟಿದವರಿಗೆಲ್ಲ ಗೊತ್ತು. ಹಾಗೆ ನಮ್ಮಲ್ಲಿ ಕೊನೆಗೆ ಉಳಿದದ್ದು ಕಾರು ನಿಲ್ಲಿಸುವ ಜಾಗದ ನೆಲ. ಕೊಪ್ಪಳದ ಹೊರವಲಯದ ಬಡಾವಣೆ, ಎರೆಮಣ್ಣಿನ ನಿವೇಶನ. ಮೇಲೆ ತಗಡಿನ ಶೆಡ್ಡು, ಮುಂದೆ ಕಬ್ಬಿಣದ ಗೇಟು, ಕೆಳಗೆ ಒಂದಿಷ್ಟು ಗರಸು, ಅಂದರೆ ಕಲ್ಲು ಬೆರೆತ ಒರಟು ಮಣ್ಣು, ಚೆಲ್ಲಿ ಸುಮ್ಮನಾಗಿದ್ದೆವು. ಮೊದಲ ಮಳೆಗೇ ಗರಸು ಮಣ್ಣಿನೊಳಗೆ ಇಳಿಯಿತು, ಅದರ ಹಿಂದೆಯೇ ಕಾರಿನ ಗಾಲಿಯೂ ಇಳಿಯಿತು. ಅದು ನನ್ನ ಕಾರು. ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡದ್ದು. ಅದರಲ್ಲೇ ದಿನಾ ಯಲಬುರ್ಗಾದ ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತೇನೆ.

ನೆಲ ಬೇಕಾಗಿದ್ದದ್ದು ಕಾರಿಗಿಂತ ಹೆಚ್ಚಾಗಿ ಅಪ್ಪನಿಗೆ. ಹಿಂದಿನ ವರ್ಷ ಅಪ್ಪ ಬಚ್ಚಲಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಮ್ಮಿ ಬಿದ್ರ ಎಬ್ಬಿಸಿ ನಿಂದ್ರಸೋದು ಕಷ್ಟ ಐತ್ರಿ ಮೇಡಂ" ಎಂದಿದ್ದರು. ಆಮೇಲೆ ಊರಿಗೆ ಹೋಗುವುದು ನಿಂತಿತು, ಸಂತೆಗೆ ಹೋಗುವುದೂ ನಿಂತಿತು. ಬೆಳಿಗ್ಗೆ ನಾನು ಹೊರಡುವಾಗ ಗೇಟು ತೆರೆಯುವುದು, ಸಂಜೆ ಬಂದಾಗ ಮತ್ತೆ ತೆರೆಯುವುದು, ವಾರಕ್ಕೊಮ್ಮೆ ಕಾರು ತೊಳೆಯುವುದು, ಇಷ್ಟು ಮಾತ್ರ ಅಪ್ಪನಿಗೆ ಉಳಿದಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದನ್ನೂ ಬಿಡಿಸಿದರೆ ಮನುಷ್ಯ ಕೂತಲ್ಲೇ ಕರಗಿ ಹೋಗುತ್ತಾನೆ ಎಂಬುದು ನನಗೂ ಅವ್ವನಿಗೂ ತಿಳಿದಿತ್ತು. ಹೀಗಾಗಿ ನಾನು ಹುಡುಕುತ್ತಿದ್ದದ್ದು ನಮ್ಮ ಕೈಗೆಟುಕುವಂಥ, ಒದ್ದೆಯಾದರೂ ಕಾಲನ್ನು ಹಿಡಿದುಕೊಳ್ಳುವಂಥ ನೆಲ.

ಅಪ್ಪ ಜೀವನವಿಡೀ ಬಾಡಿಗೆ ಬಂಡಿ ಹೊಡೆದವನು. ಇರಕಲ್ಲಗಡದ ಹತ್ತಿರದ ನಮ್ಮೂರಿನಲ್ಲಿ ಕಲ್ಲು, ಕಟ್ಟಿಗೆ, ಸಜ್ಜೆಯ ಚೀಲ ಏನೇ ಇರಲಿ, ನಮ್ಮ ಬಂಡಿಯಲ್ಲೇ ಬರಬೇಕಿತ್ತು. ಸೋಮವಾರ ಮಾತ್ರ ಎತ್ತು ಹೂಡುತ್ತಿರಲಿಲ್ಲ. ಅದು ಬಸವಣ್ಣನ ದಿನ. ಅವತ್ತು ಎತ್ತುಗಳ ಮೈ ತೊಳೆದು, ಕೋಡಿಗೆ ಔಡಲೆಣ್ಣೆ ಸವರಿ, ಹಣೆಗೆ ವಿಭೂತಿ ಹಚ್ಚಿ, ಇಡೀ ದಿನ ಮೇಯಲು ಬಿಡುತ್ತಿದ್ದ. ನನ್ನ ಕಾರು ಮನೆಗೆ ಬಂದ ವಾರವೇ ಈ ಪ್ರಶ್ನೆ ಎದ್ದಿತು.

"ಸೋಮಾರ ಅದನ್ನ ಹೊರಗ ತಗೀಬ್ಯಾಡವಾ," ಎಂದ ಅಪ್ಪ.

"ಯಪ್ಪಾ, ಸೋಮಾರ ಕಾಲೇಜು ಇರ್ತೈತಿ."

"ನೀ ಬಸ್ಸಿಗೆ ಹೋಗು. ಅದು ಒಂದಿನ ದಣುವಾರಿಸ್ಕೊಳ್ಳಲಿ."

ಅಡುಗೆಮನೆಯಿಂದ ಅವ್ವ, "ಅದಕ್ಕ ಪೆಟ್ರೋಲ್ ಹಾಕ್ತಾರ, ಹತ್ತಿಕಾಳಲ್ಲ. ಮೇವು ಬಿಟ್ಟೈತೇನು ಒಮ್ಮಿ ನೋಡಿ ಬರ್ರಿ" ಎಂದಳು.

ಕೊನೆಗೆ ಒಂದು ರಾಜಿ ಆಯಿತು. ಸೋಮವಾರ ಕಾರು ದುಡಿಯಲಿ, ಆದರೆ ಸಂಜೆ ಬಂದ ಕೂಡಲೇ ಅದರ ಮೈ ತೊಳೆಯಬೇಕು. ತೊಳೆದ ಮೇಲೆ ಅಪ್ಪ ನಾಲ್ಕೂ ಗಾಲಿಯ ರಬ್ಬರಿಗೆ ಔಡಲೆಣ್ಣೆ ಸವರುತ್ತಿದ್ದ. ಇದು ಅವನದೇ ಶೋಧ. ಕೋಡಿಲ್ಲದ ಪ್ರಾಣಿಗೆ ಇನ್ನೆಲ್ಲಿ ಹಚ್ಚುವುದು? ಗಾಲಿಗಳು ಮಿರಿಮಿರಿ ಮಿಂಚುತ್ತಿದ್ದವು. ಕಾಲೇಜಿನಲ್ಲಿ ಒಬ್ಬರು, "ಟೈರ್ ಹೊಸಾವು ಹಾಕಿಸೀರೇನ್ರಿ?" ಎಂದು ಕೇಳಿದ್ದೂ ಇದೆ.

ನೆಲದ ಮಾತಿಗೆ ಬರುತ್ತೇನೆ. ನನ್ನ ಮನೆಯವರಿಗೆ ಗಂಗಾವತಿಯಲ್ಲಿ ನೌಕರಿ. ಅವರು ಅಲ್ಲಿನ ಅಂಗಡಿಯಿಂದ ಪಾರ್ಕಿಂಗ್ ಟೈಲಿನ ಮಾದರಿ ತಂದು ತೋರಿಸಿದರು. ನಮ್ಮ ಮನೆ ಕಟ್ಟಿದ ಗೌಂಡಿ ಅದನ್ನು ಬೆರಳಿನಿಂದ ತಟ್ಟಿ, "ಟೈಲ್ ಕೆಳಗ ಕಾಂಕ್ರೀಟ್ ಬೇಕ ಬೇಕ್ರಿ. ಇಲ್ಲಾಂದ್ರ ಬ್ಯಾಸಿಗ್ಯಾಗ ಎರಿ ಬಾಯಿ ಬಿಟ್ಟಾಗ ಟೈಲೂ ಬಾಯಿ ಬಿಡ್ತಾವ" ಎಂದ. ಕಾಂಕ್ರೀಟೂ ಬೇಕು, ಟೈಲೂ ಬೇಕು ಎಂದರೆ ನಮ್ಮ ಕೈ ಮೀರುತ್ತಿತ್ತು. ಹಾಗಾದರೆ ಮಣ್ಣು ತೋಡಿ, ಗರಸು ತುಂಬಿ ದಮ್ಮಸು ಬಡಿದು ಗಟ್ಟಿ ಮಾಡಿ, ಮೇಲೆ ದಪ್ಪ ಕಲ್ಲು ಹಾಸೋಣ ಎಂದೆ. ಕಲ್ಲು ಅಲುಗಾಡಿದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಗೌಂಡಿ ಒಪ್ಪಿದ.

ಕಲ್ಲು ಎಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ನಮ್ಮೂರ ಮನೆಯ ಕಲ್ಲು. ಅದು ಎರಡೇ ಅಂಕಣದ ಮನೆ. ಮುಂದಿನ ಅಂಕಣ ಎತ್ತುಗಳಿಗೆ, ಒಂದು ಮೆಟ್ಟಿಲು ಎತ್ತರದ ಹಿಂದಿನ ಅಂಕಣ ನಮಗೆ. ಎತ್ತುಗಳ ಕಾಲಡಿಗೆ ಗುಡ್ಡದಿಂದ ತಂದ ಒರಟು ಕಲ್ಲು ಹಾಸಿತ್ತು. ಗೊರಸು ಜಾರಬಾರದೆಂದು ಉಳಿ ಮುಟ್ಟಿಸದ ಕಲ್ಲು. ಶಾಲೆಗೆ ಹೋಗುವ ಮೊದಲು ಆ ಕಲ್ಲಿನ ಸಂದಿಗಳಲ್ಲಿ ಸಿಕ್ಕ ಸಗಣಿಯನ್ನು ಮುರುಕು ಕುರುಪಿಯಿಂದ ಕೆದರಿ ತೆಗೆಯುವುದು ನನ್ನ ಪಾಲಿನ ಕೆಲಸ. ಪರೀಕ್ಷೆಯ ದಿನ ಮಾತ್ರ ಅವ್ವ ಕುರುಪಿ ಕಸಿದುಕೊಂಡು, "ಹೋಗು, ಕೈ ಸ್ವಚ್ಛ ಇರಲಿ, ಪೇಪರಿಗೆ ವಾಸನಿ ಹತ್ತೀತು" ಎನ್ನುತ್ತಿದ್ದಳು.

ಓದುತ್ತಿದ್ದದ್ದು ಎರಡು ಅಂಕಣಗಳ ನಡುವಿನ ಆ ಮೆಟ್ಟಿಲ ಮೇಲೆ ಕೂತು. ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ಇತಿಹಾಸ ಓದುವಾಗ ಬಂಡಿಯ ಎಡಕ್ಕೆ ಹೂಡುವ ಎತ್ತು ಮೆಲುಕು ನಿಲ್ಲಿಸಿ ಕಿವಿ ತಿರುಗಿಸುತ್ತಿತ್ತು, ಗಣಿತಕ್ಕೆ ಎರಡೂ ಮಲಗಿಬಿಡುತ್ತಿದ್ದವು. ಆ ಬೆಚ್ಚನೆಯ ಉಸಿರು, ಹಸಿ ಮೇವಿನ ವಾಸನೆ, ಕಲ್ಲಿಗೆ ಗೊರಸು ತಾಗುವ ಸದ್ದು, ಇವು ಈಗಲೂ ಪಾಠಕ್ಕೆ ಪುಸ್ತಕ ತೆರೆದಾಗ ಒಮ್ಮೊಮ್ಮೆ ಬಂದು ಹೋಗುತ್ತವೆ. ಕೊಪ್ಪಳದ ಕಾಲೇಜಿಗೆ ಸೇರಿದಾಗ ಪಕ್ಕದ ಬೆಂಚಿನ ಹುಡುಗಿ ಮೂಗು ಎಳೆದು, "ನಿಮ್ಮ ಮನ್ಯಾಗ ದನ ಅದಾವೇನ?" ಎಂದು ಕೇಳಿದ್ದಳು. "ಅದಾವ, ನಮ್ಮ ಫೀಜು ಕಟ್ಟಾವು ಅವ" ಎಂದಿದ್ದೆ. ಆಮೇಲೆ ಅವಳು ನನ್ನ ಗೆಳತಿಯೂ ಆದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಎತ್ತಿ ಕೊಟ್ಟದ್ದಲ್ಲ ಅದು.

ಆದ್ದರಿಂದ ಅಂಥದೇ ಒರಟು ಕಲ್ಲು ಹಾಸೋಣ ಎಂದಾಗ ಅಪ್ಪ ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಗಂಟಿಕ್ಕಿತು.

"ಬ್ಯಾಡ."

"ಯಾಕ ಯಪ್ಪಾ? ಛಲೋ ಇರ್ತಾವಲ್ಲ."

"ಎತ್ತಿಗೆ ಛಲೋ. ಅದರ ಮ್ಯಾಲಿನ ಸಗಣಿ ಬಳದು ಬಳದು ನೀ ಇಲ್ಲಿಗೆ ಬಂದಿ. ಈಗ ಅದನ್ನ ಹೊತ್ತು ತಂದು ಬಾಗಲ ಮುಂದ ಹಾಸಿದ್ರ, ಬಂದ ಮಂದಿ ಏನಂತಾರ? ಮೇಡಂ ಮನಿ ಅನ್ನೂದಿಲ್ಲ, ಬಂಡಿ ಹೊಡಿಯೋನ ಮನಿ ಅಂತಾರ. ಎದುರುಮನಿಯಾವ್ರ ನೆಲ ನೋಡು, ಕನ್ನಡಿ ಇದ್ದಂಗ ಮಾರಿ ಕಾಣ್ತೈತಿ. ಹಂಗ ಮಾಡ್ಸು."

ನೀನು ಜಾರುತ್ತಿ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹಾಗೆ ಹೇಳಿದ್ದರೆ ಅವತ್ತೇ ಗೇಟಿನ ಬೀಗದ ಕೈ ತಂದು ನನ್ನ ಮುಂದೆ ಇಡುತ್ತಿದ್ದ. ಅಷ್ಟು ಹಟದ ಮನುಷ್ಯ. ಹೊಳೆಯುವ ನೆಲ ಹಾಕಿಸಿದರೆ ಅವನು ಬೀಳುತ್ತಾನೆ. ಯಾಕೆ ಬೇಡ ಎಂದು ಬಾಯಿ ಬಿಟ್ಟರೆ ಅವನ ಕೆಲಸ ಅವನೇ ಬಿಡುತ್ತಾನೆ. ಎರಡರಲ್ಲೂ ಹೋಗುವುದು ಒಂದೇ.

ಕುಷ್ಟಗಿ ಕಡೆ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳಿವೆ. ಕೊಯ್ದು ಉಳಿದ ದಪ್ಪ ತುಂಡುಗಳನ್ನು ಅಲ್ಲಿ ಟ್ರಾಲಿ ಲೆಕ್ಕದಲ್ಲಿ ಕೊಡುತ್ತಾರೆ, ಅಳತೆಯ ಟೈಲಿಗಿಂತ ಬಹಳ ಅಗ್ಗ. ಗೌಂಡಿ ಹೇಳಿದ ಮೇಲೆ ಒಂದು ಭಾನುವಾರ ಅಪ್ಪನನ್ನು ಕೂರಿಸಿಕೊಂಡು ಹೋದೆ. ರಾಶಿಯಲ್ಲಿ ಪಾಲಿಶ್ ಆದವೂ ಇದ್ದವು, ಆಗದವೂ ಇದ್ದವು. ಅಪ್ಪ ಧೋತರ ಎತ್ತಿ ಕಟ್ಟಿಕೊಂಡು, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಒಂದೊಂದನ್ನೂ ಬಗ್ಗಿ ನೋಡಿದ. ಕೆಂಪು ಬಣ್ಣದ, ಕನ್ನಡಿಯಂಥ ತುಂಡುಗಳನ್ನೇ ಆರಿಸಿ ಬದಿಗೆ ಇಡಿಸಿದ. ಅವನ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಬೇಡ ಎನ್ನಲಾಗಲಿಲ್ಲ. ಹಾಸುವಾಗ ಏನಾದರೂ ಉಪಾಯ ಮಾಡೋಣ ಎಂದು ಸಮಾಧಾನ ಹೇಳಿಕೊಂಡೆ. ಮುಂದಿನ ಭಾನುವಾರ ಟ್ರಾಲಿ ಬಂತು.

ಅಷ್ಟರಲ್ಲಿ ಗೌಂಡಿ ಮಣ್ಣು ತೋಡಿ ಗರಸು ಬಡಿದಿದ್ದ. ಹೇಗೆ ಕಾಣುತ್ತದೋ ನೋಡೋಣ ಎಂದು ಅಪ್ಪ ಹೇಳಿದ್ದರಿಂದ, ಸಿಮೆಂಟು ಹಾಕದೆ, ಗೇಟಿನ ಹತ್ತಿರ ಮರಳಿನ ಮೇಲೆ ಒಂದಿಷ್ಟು ಕಲ್ಲು ಜೋಡಿಸಿ ಹೋದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಂಡಿತು. ಗೇಟಿನ ಸರಳುಗಳು ಅದರಲ್ಲಿ ಮೂಡಿದ್ದವು. ಅಪ್ಪ ದಾರಿಯಲ್ಲಿ ಹೋಗುವವರನ್ನು ಕರೆದು ಕರೆದು ತೋರಿಸಿದ.

ಮರುದಿನ ಸೋಮವಾರ. ಸಂಜೆ ನಾನು ಕಾರನ್ನು ಹಿಮ್ಮುಖವಾಗಿ ಒಳಗೆ ತಂದು, ಮುಂಗಾಲಿ ಆ ಕಲ್ಲಿನ ಮೇಲೆ ಬರುವ ಹಾಗೆ ನಿಲ್ಲಿಸಿದೆ. ಕೈಕಾಲು ತೊಳೆಯಲು ಒಳಗೆ ಹೋಗಲು ಮನಸ್ಸಾಗಲಿಲ್ಲ, ಬಾಗಿಲಲ್ಲೇ ನಿಂತೆ. ಅಪ್ಪ ಬಕೆಟ್ಟು, ಚಿಂದಿ, ಎಣ್ಣೆಯ ಬಟ್ಟಲು ತಂದ. ತೊಳೆದ. ಒರೆಸಿದ. ಗಾಲಿಗೆ ಎಣ್ಣೆ ಸವರಿ, ಮೊಣಕಾಲ ಮೇಲೆ ಕೈಯೂರಿ ಎದ್ದ. ಬರಿಗಾಲು. ಕಲ್ಲಿನ ಮೇಲೆ ನೀರು, ನೀರಿನ ಮೇಲೆ ಸೋರಿದ ಎಣ್ಣೆ. ಎಡಗಾಲು ಮುಂದಕ್ಕೆ ಹೋಯಿತು, ಅಪ್ಪ ಹಿಂದಕ್ಕೆ ಹೋದ. ನಾನು ಓಡುವಷ್ಟರಲ್ಲಿ ಅವನ ಕೈಗೆ ಕಾರಿನ ಪಕ್ಕದ ಕನ್ನಡಿ ಸಿಕ್ಕಿತು. ಅದು ಕಟಕ್ಕೆಂದು ಮಡಚಿಕೊಂಡಿತು. ಮೈಭಾರವೆಲ್ಲ ಬಾಗಿಲಿನ ಮೇಲೆ ಬಿದ್ದು, ಅಪ್ಪ ಕಾರನ್ನು ಅಪ್ಪಿಕೊಂಡ ಹಾಗೆ ನಿಂತುಬಿಟ್ಟ.

ಅವನ ರಟ್ಟೆ ಹಿಡಿದು ಕಟ್ಟೆಗೆ ತಂದು ಕೂರಿಸಿದೆ. ಸದ್ದು ಕೇಳಿ ಬಂದ ಅವ್ವ ನಮ್ಮಿಬ್ಬರನ್ನೂ ಕಲ್ಲನ್ನೂ ನೋಡಿದಳು. ನೀರು ತಂದು ಕೊಟ್ಟು, "ಹೊಸಾ ಎತ್ತು ಛಲೋ ಐತಿ ಬಿಡ್ರಿ, ಒದೀಲಿಲ್ಲ" ಎಂದಳು. ಆಮೇಲೆ ಸೆರಗಿನಿಂದ ಅವನ ಪಾದಕ್ಕೆ ಹತ್ತಿದ ಎಣ್ಣೆ ಒರೆಸಿದಳು.

ಹೇಳಬೇಕಾದ್ದೆಲ್ಲ ಅಲ್ಲೇ ಕಲ್ಲಿನ ಮೇಲೆ ಹೊಳೆಯುತ್ತ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಗೋಡೆ ಹಿಡಿದು ಎದ್ದು, ರಾಶಿಯ ಹತ್ತಿರ ಹೋಗಿ ಒಂದು ಸಣ್ಣ ತುಂಡನ್ನು ಕಾಲಿನಿಂದ ಮಗುಚಿದ. ಕೊಯ್ದ ಕಲ್ಲಿಗೆ ಒಂದೇ ಮುಖಕ್ಕೆ ಪಾಲಿಶ್ ಇರುತ್ತದೆ. ಹಿಂಬದಿ ಗರಗಸದ ಗೆರೆಗಳ ಸಮೇತ ಬೂದಿ ಬಣ್ಣದಲ್ಲಿ ಒರಟಾಗಿ ಉಳಿದಿತ್ತು. ಅದರ ಮೇಲೆ ಪಾದವಿಟ್ಟು ಹಿಂದೆ ಮುಂದೆ ತಿಕ್ಕಿದ. ನೀರು ಚಿಮುಕಿಸಿ ಮತ್ತೆ ತಿಕ್ಕಿದ. ಒಳಗೆ ಬಂದು ರೊಟ್ಟಿ ತಿಂದು ಮಲಗಿದ.

ಬೆಳಿಗ್ಗೆ ಗೌಂಡಿ ಬಂದಾಗ ಅಪ್ಪ ಕಟ್ಟೆಯ ಮೇಲಿನಿಂದಲೇ, "ಎಲ್ಲಾ ತಿರುವಿ ಹಾಕು" ಎಂದ.

"ಏನ ತಿರುವಲಿ ಯಜ್ಜಾ?"

"ಕಲ್ಲು. ಮಾರಿ ಕೆಳಗ, ಬೆನ್ನು ಮ್ಯಾಲ."

ಗೌಂಡಿ ನಕ್ಕ. "ಮದುಮಗಳನ್ನ ಗ್ವಾಡಿಗೆ ಮಾರಿ ಮಾಡಿ ಕುಂದ್ರಿಸಿದಂಗ ಆತಲ್ಲೊ ಯಜ್ಜಾ. ನೀನ ಆರಿಸಿ ತಂದೀ ಅಂದ್ರು."

"ಆರಿಸಿದಾವ ನಾನ, ತಿರುವಂದಾವನೂ ನಾನ. ನನ್ನ ಮಗಳು ಗಡಬಡಿ ಒಳಗ ಬಂದು ಬ್ರೇಕ್ ಹಾಕ್ತಾಳ, ಗಾಡಿ ಜಾರಿದ್ರ ನೀ ಹಿಡೀತೀಯೇನು? ಗಾಲಿಗೆ ಹಿಡ್ತ ಬೇಕು."

ಗೌಂಡಿ ನನ್ನ ಕಡೆ ನೋಡಿದ. "ಹೌದ್ರಿ, ಗಾಲಿ ಜಾರ್ತಾವ, ನನಗೂ ಅಂಜಿಕಿ ಬಂದಿತ್ತು," ಎಂದೆ. ಅಪ್ಪ ತಲೆಯಾಡಿಸಿ ನನ್ನನ್ನು ನೋಡಿದ, ಬೇಗ ಬೇರೆ ಕಡೆ ನೋಡಿದ. ನಾನು ಬುತ್ತಿ ಎತ್ತಿಕೊಂಡು ಹೊರಟೆ. ಗೇಟು ಅವನೇ ತೆರೆದ.

ಈಗ ನೆಲ ಸಿದ್ಧವಾಗಿ ಒಂದು ಮಳೆಗಾಲ ಕಳೆದಿದೆ. ಕಲ್ಲುಗಳು ಒಂದೂ ಅಲುಗಾಡಿಲ್ಲ. ಸೋಮವಾರದ ಎಣ್ಣೆ ನಿಂತಿಲ್ಲ, ಒರಟು ಕಲ್ಲು ಅದನ್ನು ಕುಡಿದು ಗಾಲಿಯ ಕೆಳಗೆ ಕಪ್ಪಾಗಿದೆ. ಅಪ್ಪ ಅದರ ಮೇಲೆ ಕೆಳಗೆ ನೋಡದೆ ಓಡಾಡುತ್ತಾನೆ. ಮೊನ್ನೆ ಎದುರುಮನೆಯವರು ಗೇಟಿಗೆ ಬಂದು, "ಯಾಕ್ರಿ ಹಿರ್ಯಾರ, ಕಲ್ಲಿಗೆ ಪಾಲಿಶ್ ಮಾಡ್ಸಲೇ ಇಲ್ಲಲ್ಲ?" ಎಂದು ಕೇಳಿದರು.

ಅಪ್ಪ ಚಿಂದಿ ಹಿಂಡುತ್ತ, "ಮಾಡ್ಸೀವಲ್ರಿ. ಒಳಗ ಐತಿ" ಎಂದ.