ವಿಮಲಾ ವೈನಿಯ ಕೈ

ವಿಮಲಾ ವೈನಿ ಬೈಯುವ ಮೊದಲು ಕನ್ನಡಕ ತೆಗೆಯುತ್ತಿದ್ದರು. ತೆಗೆದು, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿ ಆಮೇಲೆ ಬಾಯಿ ತೆರೆಯುವುದು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, “ಎದುರಿಗಿದ್ದವರ ಮಾರಿ ಕಂಡ್ರ ಪಾಪ ಅನಸ್ತೈತಿ ತಂಗಿ, ಪೂರಾ ಬೈಯಾಕ ಆಗಂಗಿಲ್ಲ” ಅಂದಿದ್ದರು.

ವಿಜಯಪುರದ ಕಡೆಯವರು. ತೆಲುಗು ನಾಡಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮದೇ ಮಹಡಿ, ಎರಡು ಬಾಗಿಲು ಆಚೆ. ಶನಿವಾರ ಸಂಜೆ ಕೆಳಗಿನ ಹಾಲ್‌ನಲ್ಲಿ ಕನ್ನಡದವರ ಭಜನೆ ನಡೆಯುತ್ತಿತ್ತು. ಅದಕ್ಕೆ ಇವರದೇ ಕೀಬೋರ್ಡು. ಸುಲ್ತಾನ್ ಬಜಾರಿನಿಂದ ಅರಿವೆ ತಂದು ಅದಕ್ಕೊಂದು ಗವುಸು ಹೊಲಿದಿದ್ದರು. ಅದನ್ನು ತೊಳೆದು ಇಸ್ತ್ರಿ ಮಾಡುವ ಶಿಸ್ತು ಅವರ ಯಜಮಾನರ ಅಂಗಿಗೂ ಸಿಗುತ್ತಿರಲಿಲ್ಲ.

ಆ ಪೆಟ್ಟಿಗೆಯೊಳಗೆ ದನಿ ಹೇಗೆ ಹರಿಯುತ್ತದೆ ಎಂಬುದನ್ನು ನನಗೆ ಅಡುಗೆಮನೆಯಲ್ಲೇ ಕಲಿಸಿದರು. “ಪ್ರತಿ ದನಿಗೂ ಅದರದ ಸ್ವಂತ ಎಫೆಕ್ಟ್ ಐತಿ. ಪಲ್ಯಾದ ಒಗ್ಗರಣಿ ಇದ್ದಂಗ, ಆ ಬೋಗುಣಿಗಷ್ಟ. ಆಮ್ಯಾಲ ರಿವರ್ಬ್, ಗುಂಯ್ ಅನ್ನೂದು. ಅದು ನಡುವ ಇಟ್ಟ ತುಪ್ಪದ ಗಿಂಡಿ. ಯಾವ ದನಿಗೆ ಎಷ್ಟು ಬೇಕೋ ಅಷ್ಟ ಬಡಿಸೂದು. ಕಡೀಕ ಮಾಸ್ಟರ್. ಅದು ತಾಟಿನ ಮ್ಯಾಲ ಸುರದಿದ್ದು. ಅಲ್ಲಿ ಸಾರು ಸುರದ್ರ ಅನ್ನಕ್ಕೂ ಸಾರು, ಹೋಳಿಗಿಗೂ ಸಾರು.”

ಹಾಡುವವರ ಮೈಕನ್ನೂ ಕೀಬೋರ್ಡಿಗೇ ಸಿಕ್ಕಿಸುತ್ತಿದ್ದೆವು. ವೈನಿ ಮೈಕಿಗೆ ಒಂದು ಚಮಚ ತುಪ್ಪ ಬಡಿಸಿ, ತಮ್ಮ ಹಾರ್ಮೋನಿಯಂ ದನಿಯನ್ನು ಒಣದಾಗಿಯೇ ಇಟ್ಟುಕೊಳ್ಳುವರು.

ಭಜನಾ ಮಂಡಳಿಯ ಕಾರ್ಯದರ್ಶಿ ಪಾಟೀಲರಿಗೆ ಇದು ಸಾಲಲಿಲ್ಲ. ದೊಡ್ಡ ಗುಡಿಯೊಳಗೆ ಹಾಡಿದ ಹಾಗೆ ಕೇಳಬೇಕೆಂದು ಒಂದು ಶನಿವಾರ ವೈನಿ ಆರತಿ ತಟ್ಟೆ ತರಲು ಮೇಲೆ ಹೋದಾಗ ತಾವೇ ಗುಂಡಿ ಒತ್ತಿ ಎಕೋ ಹಾಕಿದರು. ಹಾಕಿದ್ದು ಮೈಕಿಗಲ್ಲ, ಮಾಸ್ಟರಿಗೆ. ಅಂದಿನಿಂದ ಹಾರ್ಮೋನಿಯಂನ ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳತೊಡಗಿತು. ಹಾಡುವವರಿಗೆ ಮಾತ್ರ ತಮ್ಮ ದನಿ ತುಂಬಿ ಬಂದಿದೆ ಎಂದು ಖುಷಿ. ಹಿಂದಿನ ವರ್ಷ ವೈನಿಯ ಎಡಗೈಗೆ ಜೋಮು ಹಿಡಿದು ವಾಸಿಯಾಗಿತ್ತು. ಅದನ್ನೇ ನೆನಪಿಸಿಕೊಂಡು, ಪಾಪ, ಕೈ ನಡುಗಾಕತ್ತೈತಿ ಎಂದು ಚಪ್ಪಲಿ ಹಾಕಿಕೊಳ್ಳುವಾಗ ಜನ ಮಾತಾಡಿಕೊಂಡರು. ಆ ಮಾತು ವೈನಿಯ ಕಿವಿಗೆ ಬಿತ್ತು.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೆ: ಅವರು ಅದನ್ನು ನಂಬಿಬಿಟ್ಟರು. ಮೊಸರಿಗೆ ಹೆಪ್ಪು ಕೇಳಲು ಹೋದಾಗ ನೋಡಿದೆ. ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು. ವೈನಿ ಎಡಗೈ ಬೆರಳುಗಳನ್ನು ಒಂದೊಂದಾಗಿ ಕೀಬೋರ್ಡಿನ ಕೀಲಿಗಳ ಮೇಲೆ ಇಟ್ಟು ನೋಡುತ್ತಿದ್ದರು. ಅದರ ಸಣ್ಣ ಪರದೆಯಲ್ಲಿ ಮಾಸ್ಟರ್ ಎಕೋ ಕಣ್ಣಿಗೆ ಬಿದ್ದದ್ದು ಆ ದಿನವೇ. ಅದನ್ನು ಬಂದ್ ಮಾಡಿ ನುಡಿಸಿದರು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಬಂತು. ನನ್ನ ಕಡೆ ತಿರುಗಿ, “ಕೇಳಿಸ್ತು?” ಅಂದರು. ಕೇಳಿಸಿತು, ಅಂದೆ.

ಮುಂದಿನ ಶನಿವಾರ ಎಕೋ ಮತ್ತೆ ಹಾಕಿಕೊಂಡೇ ಶುರು ಮಾಡಿ, ಹಾಡಿನ ನಡುವೆ ಎಲ್ಲರ ಎದುರು ಬಂದ್ ಮಾಡಿದರು. ಹಾರ್ಮೋನಿಯಂ ನಿಚ್ಚಳವಾಯಿತು. ಅದರ ಜೊತೆಗೆ ಪಾಟೀಲರ ಹೆಂಡತಿ ಸುನಂದಾ ಅವರ ದನಿಯೂ ನಿಚ್ಚಳವಾಯಿತು. ಅರ್ಧ ಸ್ವರ ಕೆಳಗೆ, ಕಡೆಯವರೆಗೂ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಎಕೋ ಇಲ್ಲಂದ್ರ ಭಜನಿ ಅನಸಂಗಿಲ್ರಿ ವೈನಿ,” ಅಂದರು ಪಾಟೀಲರು. “ನಿಮ್ಮ ಕೈ ನಡುಗೂದನ್ನ ಮಷೀನಿನ ಮ್ಯಾಲ ಹಾಕಬ್ಯಾಡ್ರಿ.”

ವೈನಿ ಕನ್ನಡಕ ತೆಗೆದರು. “ಈಗ ನನ್ನ ಕೈ ನಡುಗಿದ್ದು ಕೇಳಿದ್ರೋ, ನಿಮ್ಮ ಮನಿಯವರ ಸುರ ಬಿದ್ದದ್ದು ಕೇಳಿದ್ರೋ? ಒಂದು ಹೇಳ್ರಿ ಪಾಟೀಲ್ರ.”

ಕೈ ಸರಿಯಾಗಿದೆ ಎಂದು ನಾನು ಎದ್ದು ಹೇಳಿದೆ. ಪ್ರಸಾದ ತಣ್ಣಗಾಗುತ್ತದೆ ಎಂದು ಯಾರೋ ನನ್ನನ್ನೇ ಕೂರಿಸಿದರು. ಮುಂದಿನ ವಾರ ಕೀಬೋರ್ಡಿನ ಜಾಗದಲ್ಲಿ ಪಾಟೀಲರ ಫೋನು, ಅದರಲ್ಲಿ ರೆಕಾರ್ಡು ಮಾಡಿದ ವಾದ್ಯ.

ವೈನಿಯ ಯಜಮಾನರಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸವಾಗಿ ಅವರು ಶಂಶಾಬಾದಿಗೆ ಮನೆ ಬದಲಿಸಿದರು. ದಸರೆಗೆ ಮೊದಲು, ಚಕ್ಕುಲಿ ಡಬ್ಬಿ ಹಿಡಿದು ಬಸ್ಸು ಬದಲಿಸಿ ಹೋದೆ. ಅದೇ ಕೊನೆಯ ಭೇಟಿ. ಪಾಟೀಲರದೊಂದು ಮಾತನ್ನೂ ಹೊತ್ತು ಹೋಗಿದ್ದೆ. ಹಾಡುವವರು ತಾಳ ತಪ್ಪಿದರೆ ರೆಕಾರ್ಡು ಕಾಯುವುದಿಲ್ಲವಲ್ಲ, ಹಾಗಾಗಿ ವೈನಿ ಹಬ್ಬಕ್ಕೆ ಬಂದು ನುಡಿಸಲಿ ಅಂದಿದ್ದರು. ವೈನಿ ನನ್ನ ಮುಂದೆ ಎರಡು ಭಜನೆ ನುಡಿಸಿದರು, ಒಂದು ಸ್ವರವೂ ಕಲೆಸಲಿಲ್ಲ.

“ಬರ್ತೀನಿ. ಆದ್ರ ವಿಮಲಾನ ಕೈ ಸರಿ ಐತಿ ಅಂತ ಅಂವ ಮೊದಲ ಎಲ್ಲಾರ ಮುಂದ ಹೇಳಲಿ. ಅಷ್ಟ ಸಾಕು ನನಗ.”

ಬಂದು ಹೇಳಿದರೆ ಪಾಟೀಲರು ನಕ್ಕರು. ಸಣ್ಣ ಮಾತನ್ನು ಯಾಕೆ ಎಳೆಯುತ್ತೀರಿ ಅಂದರು. ಅವರು ಹೇಳಲಿಲ್ಲ, ವೈನಿ ಬರಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ದೇವರ ಮುಂದೆ ಕೂತವರು ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ಮಧ್ಯಾಹ್ನ ಭಜನಾ ಮಂಡಳಿಯ ವಾಟ್ಸಾಪಿನಲ್ಲಿ ಪಾಟೀಲರ ಸಂದೇಶ ಬಂತು. ಕೈ ನಡುಗುವ ಕಾಯಿಲೆಯಿಂದ ನುಡಿಸುವುದನ್ನು ಬಿಟ್ಟಿದ್ದ ನಮ್ಮ ಪ್ರೀತಿಯ ವೈನಿ, ಎಂದು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅವರಿಗೆ ಅಂಥ ಕಾಯಿಲೆ ಇರಲಿಲ್ಲ ಎಂದು ನಾನು ಬರೆದೆ. ಅನ್ನ ಬಸಿದು ಬರುವಷ್ಟರಲ್ಲಿ ಪಾಟೀಲರು ಅದನ್ನು ಅಳಿಸಿದ್ದರು. ಆಮೇಲೆ ಫೋನು ಮಾಡಿ, “ಸತ್ತವರ ಸುದ್ದಿ ಯಾಕ ತಗೀತೀರಿ, ಬಿಡ್ರಿ ಅಕ್ಕಾರ” ಅಂದರು.

ತೆಗೆದವರು ನೀವು, ಎಂದು ಫೋನು ಇಟ್ಟೆ.

ವಿಮಲಾ ವೈನಿಯ ಕೈ ನಡುಗುತ್ತಿರಲಿಲ್ಲ. ಪಾಟೀಲರು ಅಳಿಸಲಾಗದ ಕಡೆ ಬರೆದಿದ್ದೇನೆ.