ಚಹಾ ಕುಡಿಯದೆ ಬಂದ ದಿನ

ಸೈನಿಕರ ಕಲ್ಯಾಣವೆಂಬ ಕ್ಷೇತ್ರದಲ್ಲಿ ಹೆಸರು ಮಾಡಿದವರು ಸಾಮಾನ್ಯವಾಗಿ ಧೈರ್ಯಕ್ಕೆ ಹೆಸರಾದವರು. ಹವಾಲ್ದಾರ್ ಪಂಚಾಕ್ಷರಪ್ಪನವರಾದರೋ ಹೆದರಿಕೆಗೆ ಹೆಸರಾದವರು. ಅಭಿನಂದನ ಗ್ರಂಥದಲ್ಲಿ ಹೀಗೆಲ್ಲ ಬರೆಯುವುದೇ ಎಂದು ಸಂಪಾದಕ ಮಂಡಳಿಯವರು ಹುಬ್ಬು ಗಂಟಿಕ್ಕಬಹುದು, ಗಂಟಿಕ್ಕಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಮಾಜಿ ಸೈನಿಕರಿಗೂ ಮಡಿದ ಸೈನಿಕರ ಮನೆಯವರಿಗೂ ಇಪ್ಪತ್ತಮೂರು ವರ್ಷ ಕಲ್ಯಾಣ ಸಂಘಟಕರಾಗಿ ದುಡಿದು ಈಗ ನಿವೃತ್ತರಾಗುತ್ತಿರುವ ಈ ಹಿರಿಯರು, ಅದಕ್ಕೂ ಮೊದಲು ಹದಿನೇಳು ವರ್ಷ ಬಂದೂಕು ಹಿಡಿದು ನಿಂತಾಗ ಹೆದರಿದ್ದರೋ ಇಲ್ಲವೋ ಬಲ್ಲವರಿಲ್ಲ. ಆದರೆ ಒಬ್ಬ ತಾಯಿಯ ಮನೆಯ ಬಾಗಿಲು ತಟ್ಟುವ ಮುನ್ನ ಅವರ ಕೈ ನಡುಗುತ್ತಿದ್ದುದನ್ನು ಕಚೇರಿಯ ಸಹೋದ್ಯೋಗಿಗಳೆಲ್ಲ ಕಂಡಿದ್ದಾರೆ.

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿ, ಸೈನ್ಯಕ್ಕೆ ಸೇರಿ, ಪಿಂಚಣಿ ಪಡೆದು ಊರಿಗೆ ಮರಳಿದ ಮೇಲೆ ಅವರು ಈ ಕೆಲಸಕ್ಕೆ ಸೇರಿದರು. ಸೇರಿದ ಹೊಸತರಲ್ಲೇ ಒಂದು ಎಡವಟ್ಟು ಮಾಡಿಕೊಂಡರು. ಜಗಳೂರಿನ ಹತ್ತಿರದ ಹಳ್ಳಿಯೊಂದರ ಅಜ್ಜಮ್ಮನ ಮಗ ನಿಂಗರಾಜ್ ಆಗ ಸೈನ್ಯದಲ್ಲಿದ್ದ. ಅವನ ತಂಗಿಯ ಓದಿಗೆ ಸಹಾಯಧನ ಮಂಜೂರಾಗಿತ್ತು. ಒಳ್ಳೆಯ ಸುದ್ದಿ, ಠೀವಿಯಿಂದ ಹೇಳೋಣವೆಂದು ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಕರಿಯ ಬೂಟು, ಕಂಕುಳಲ್ಲಿ ಫೈಲು ಸಮೇತ ಬಸ್ಸಿಳಿದು ನೆಟ್ಟಗೆ ಮನೆಗೇ ನಡೆದರು. ಅಂಗಳದಲ್ಲಿ ಶೇಂಗಾ ಕೇರುತ್ತಿದ್ದ ಅಜ್ಜಮ್ಮ ಆ ಬೂಟನ್ನು ಕಂಡಳು, ಫೈಲನ್ನು ಕಂಡಳು, ಕೈಯಲ್ಲಿದ್ದ ಮೊರ ಬಿಟ್ಟು ಹೊಸ್ತಿಲ ಮೇಲೆ ಕುಸಿದಳು. ನಾಲ್ಕು ದಿನ ಆಕೆಗೆ ಮಾತು ಹೊರಡಲಿಲ್ಲ. ನಿಂಗರಾಜ್ ಫೋನಿನಲ್ಲಿ ಎಷ್ಟು ಕೂಗಿದರೂ ಆಕೆ ಅದು ಬೇರೆ ಯಾರದೋ ದನಿಯೆಂದೇ ತಿಳಿದಿದ್ದಳಂತೆ.

ಆ ದಿನದಿಂದ ಪಂಚಾಕ್ಷರಪ್ಪನವರು ಬೂಟು ಬಿಟ್ಟು ಚಪ್ಪಲಿ ಮೆಟ್ಟಿದರು, ಫೈಲು ಬಿಟ್ಟು ಕಾಯಿಪಲ್ಯದ ಚೀಲ ಹಿಡಿದರು. ಯಾವ ಊರಿಗೆ ಹೋದರೂ ಬಸ್ಸಿಳಿದವರೇ ಮೊದಲು ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಒಂದು ಚಹಾ ಹೇಳಿ, ನಾಲ್ಕು ಜನಕ್ಕೆ ಕೇಳುವಂತೆ ಗಟ್ಟಿಯಾಗಿ, "ಇಂಥವರ ಮನೀಗೆ ಬಂದೀನ್ರಪ್ಪ, ಆಸ್ಪತ್ರೆ ಕಾರ್ಡ್ ಮಾಡ್ಸಾಕೆ. ಬ್ಯಾರೆ ಏನಿಲ್ಲ" ಎನ್ನುವುದು ಅವರ ಪದ್ಧತಿಯಾಯಿತು. ಚಹಾ ಮುಗಿಯುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿರುತ್ತಿತ್ತು, ಮನೆಯವರ ಎದೆ ತಣ್ಣಗಾಗಿರುತ್ತಿತ್ತು. ದಿನಕ್ಕೆ ಎಂಟು ಹತ್ತು ಚಹಾ ಕುಡಿದು ಸಕ್ಕರೆ ಕಾಯಿಲೆ ಬರಿಸಿಕೊಂಡ ಮಹಾನುಭಾವರು ಸರ್ಕಾರಿ ಸೇವೆಯಲ್ಲಿ ಇವರೊಬ್ಬರೇ ಇರಬೇಕು. ಆಮೇಲೆ ಸಕ್ಕರೆ ಬಿಟ್ಟರು, ಚಹಾ ಬಿಡಲಿಲ್ಲ.

ಆದರೆ ಸಾವಿನ ಸುದ್ದಿ ಜೇಬಿನಲ್ಲಿದ್ದಾಗ ಯಾವ ಮನುಷ್ಯ ಬೆಂಚಿನ ಮೇಲೆ ಕೂತು ಚಹಾ ಹೀರಿಯಾನು? ಅಂಥ ದಿನಗಳಲ್ಲಿ ಅವರು ಅಂಗಡಿಯ ಕಡೆ ಮುಖ ಮಾಡದೆ ನಡೆದುಬಿಡುತ್ತಿದ್ದರು. ಊರಿನವರು ಅದನ್ನೂ ಗಮನಿಸಿಟ್ಟುಕೊಂಡಿದ್ದರು. ಪಂಚಾಕ್ಷರಪ್ಪನವರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ, ಸೈನ್ಯದಲ್ಲಿ ನಾಯಕ್ ಹುದ್ದೆಯಲ್ಲಿದ್ದ ಗನಿಸಾಬ ಹಿಮ ಕುಸಿದು ತೀರಿಕೊಂಡಾಗ ಅವರು ಹೀಗೆ ಚಹಾ ಕುಡಿಯದೆ ಹೋಗಿದ್ದರು. ಗನಿಸಾಬನ ಹೆಂಡತಿ ಅಮೀರುನ್ನೀಸಾ ಆಗ ಇಪ್ಪತ್ತಾರರ ಹೆಣ್ಣುಮಗಳು, ಮಗ ಜಮೀರ್ ಎಂಟರ ಹುಡುಗ. ಆಕೆಯ ಮುಖ ನೋಡಿದ್ದೇ ಇವರಿಗೆ ನಿಜ ಹೇಳಲಾಗಲಿಲ್ಲ. "ಸ್ವಲ್ಪ ಹುಷಾರಿಲ್ಲಮ್ಮ, ಆಸ್ಪತ್ರೆಗೆ ಸೇರ್ಸವ್ರೆ" ಎಂದುಬಿಟ್ಟರು. ಸಂಜೆ ಮೆಲ್ಲಗೆ ನಿಜ ಹೇಳಿದರಾಯಿತು ಎಂಬ ಎಣಿಕೆ. ಸಂಜೆಗೂ ಮುನ್ನವೇ ಶಾಮಿಯಾನದವರು ಬಂದು ಅಂಗಳದ ಅಳತೆ ತೆಗೆಯತೊಡಗಿದರು. ತಾನು ವಿಧವೆಯಾದ ಸಂಗತಿ ಆಕೆಗೆ ಗೊತ್ತಾದದ್ದು ಆ ಶಾಮಿಯಾನದವರಿಂದ. ಆಕೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಪಂಚಾಕ್ಷರಪ್ಪನವರು ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಆ ಅಳುಕಿನಿಂದಲೇ ಇರಬೇಕು, ಆ ಮನೆಗೆ ಅವರು ದುಡಿದಷ್ಟು ಇನ್ನಾವ ಮನೆಗೂ ದುಡಿಯಲಿಲ್ಲ. ಗನಿಸಾಬ ತನ್ನ ಮದುವೆಯನ್ನು ಪಲ್ಟನ್ನಿನ ದಾಖಲೆಗೆ ಸೇರಿಸಿರಲೇ ಇಲ್ಲ; ದಾಖಲೆಯ ಪ್ರಕಾರ ಆತ ಬ್ರಹ್ಮಚಾರಿ. ಜಮಾತಿನಿಂದ ನಿಕಾಹ್ ಪತ್ರ, ಶಾಲೆಯಿಂದ ಹುಡುಗನ ದಾಖಲೆ, ಸಾಕ್ಷಿಗಳ ಹೇಳಿಕೆ ಎಲ್ಲ ಕೂಡಿಸಿ, ಹದಿನಾಲ್ಕು ತಿಂಗಳು ಪತ್ರದ ಮೇಲೆ ಪತ್ರ ಬರೆದು, ಕುಟುಂಬ ಪಿಂಚಣಿಯನ್ನು ಆಕೆಯ ಕೈಗೆ ಮುಟ್ಟಿಸಿದರು. ಹೆಬ್ಬೆಟ್ಟು ಒತ್ತಲು ಬಂದವಳಿಗೆ ಕಚೇರಿಯ ಬೆಂಚಿನ ಮೇಲೆ ಕೂರಿಸಿ ರುಜು ಹಾಕುವುದನ್ನು ಕಲಿಸಿದವರೂ ಅವರೇ. ಜಮೀರ್ ಬೆಳೆದು ತಾನೂ ಸೈನ್ಯಕ್ಕೆ ಹೋಗುತ್ತೇನೆಂದು ಹಟ ಹಿಡಿದಾಗ ಅಮೀರುನ್ನೀಸಾ ಇವರ ಬಳಿ ಬಂದು, "ನೀವೊಂದ್ಮಾತು ಬ್ಯಾಡ ಅನ್ರಿ, ನಿಮ್ಮಾತು ಕೇಳ್ತಾನೆ" ಎಂದು ಬೇಡಿಕೊಂಡಿದ್ದಳು. ಇವರು ಬೇಡ ಎನ್ನಲಿಲ್ಲ. ಅರ್ಜಿಯನ್ನು ತಾವೇ ತುಂಬಿಕೊಟ್ಟರು.

ಕಳೆದ ವರ್ಷ ಗಡಿಯಲ್ಲಿ ಗುಂಡಿನ ಸದ್ದೆದ್ದ ಆ ಕೆಲವು ದಿನಗಳಲ್ಲಿ ನಾಲ್ಕು ತಾಲ್ಲೂಕುಗಳ ಸೈನಿಕರ ಮನೆಗಳಲ್ಲಿ ಟೀವಿ ಆರುತ್ತಿರಲಿಲ್ಲ, ಒಲೆ ಹೊತ್ತುತ್ತಿರಲಿಲ್ಲ. ಜಮೀರನ ಫೋನು ಮೂರು ದಿನದಿಂದ ಸತ್ತಿತ್ತು. ನಾಲ್ಕನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಪಂಚಾಕ್ಷರಪ್ಪನವರಿಗೆ ಪಲ್ಟನ್ನಿನಿಂದ ಕರೆ ಬಂತು: ಶೆಲ್ ಬಿದ್ದು ಜಮೀರನ ಎಡಗಾಲು ಹೋಗಿದೆ, ಸ್ಥಿತಿ ಗಂಭೀರ, ಇವತ್ತೇ ತಾಯಿಯನ್ನು ಕರೆದುಕೊಂಡು ಸೈನಿಕ ಆಸ್ಪತ್ರೆಗೆ ಹೊರಡಿ. ದಾವಣಗೆರೆಯಿಂದ ರೈಲು ಸಂಜೆ ಐದಕ್ಕೆ. ಅದು ತಪ್ಪಿದರೆ ಮರುದಿನದ ತನಕ ಬೇರೆ ದಾರಿಯಿರಲಿಲ್ಲ, ಹುಡುಗನಿಗೆ ಮರುದಿನವೊಂದು ಇದೆಯೋ ಇಲ್ಲವೋ ಹೇಳುವವರೂ ಇರಲಿಲ್ಲ.

ಬಸ್ಸಿಗೆ ಕಾಯುವಷ್ಟು ಹೊತ್ತಿಲ್ಲವೆಂದು ಬಾಡಿಗೆ ಕಾರು ಹಿಡಿದರು. ಸಾಸ್ವೆಹಳ್ಳಿಯ ಚಹಾದಂಗಡಿಯ ಮುಂದೆ ಕಾರು ನಿಧಾನವಾದಾಗ ಅಂಗಡಿಯವನು ಲೋಟ ಎತ್ತಿ ತೋರಿಸಿದ. ಇವರು ಬೇಡವೆಂದು ಕೈಯಾಡಿಸಿ ಮುಂದೆ ಹೋದರು. ಅಷ್ಟೇ ಸಾಕಾಯಿತು, ಸುದ್ದಿ ಫೋನಿನಲ್ಲಿ ಕಾರಿಗಿಂತ ಮೊದಲೇ ಮನೆ ಮುಟ್ಟಿತು. ಹಿಂದೆ ತಿರುಗಿ ನೋಡಿದರೆ ಒಂದೊಂದೇ ಅಂಗಡಿಯ ಬಾಗಿಲು ಬೀಳುತ್ತಿತ್ತು, ಜನ ಕಾರಿನ ಹಿಂದೆ ಬರುತ್ತಿದ್ದರು. ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಮಸರತ್ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೊರಗಿ ನಿಂತಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

"ಅಲ್ಲೇ ನಿಲ್ರಿ ಸಾಹೇಬ್ರೇ," ಒಳಗಿನಿಂದ ಅಮೀರುನ್ನೀಸಾಳ ದನಿ ಬಂತು. "ಬಾಯಿ ಬಿಡಬ್ಯಾಡ್ರಿ. ನೀವು ಹೇಳೋ ತನಕ ನನ್ನ ಮಗ ಇದಾನೆ."

"ಅಮ್ಮಾ, ಜಮೀರ್ ಬದುಕಿದಾನೆ. ಪೆಟ್ಟಾಗೈತೆ, ಆಸ್ಪತ್ರೇಲಿ ಅದಾನೆ."

"ಚಾ ಕುಡೀದೆ ಬಂದೀರಿ. ಅವತ್ತೂ ಹಿಂಗೇ ಬಂದಿದ್ರಿ. ಅವತ್ತೂ ಆಸ್ಪತ್ರೇಲಿ ಅದಾರೆ ಅಂದಿದ್ರಿ."

ಇಪ್ಪತ್ತು ವರ್ಷ ಕುಡಿದ ಚಹಾ ಏನು ಮಾಡಿಟ್ಟಿತ್ತೆಂಬುದು ಪಂಚಾಕ್ಷರಪ್ಪನವರಿಗೆ ತಿಳಿದದ್ದು ಆಗ, ಆ ಮುಚ್ಚಿದ ಬಾಗಿಲೆದುರು. ಒಂದು ಹೆದರಿಕೆಯನ್ನು ತಪ್ಪಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಊರೂರಿಗೆ ಹಂಚಿ ಬಂದಿದ್ದರು. ಅಂದು ಹೇಳಿದ ಸುಳ್ಳಿಗೂ ಇಂದು ಹೇಳುತ್ತಿರುವ ನಿಜಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ. ಜನ ಬೇಡಿದರು, ಮಸರತ್ ಬಾಗಿಲು ಬಡಿದಳು. ಚಿಲಕ ಸರಿಯಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಜೇಬಿನಲ್ಲಿದ್ದ ಫೋನಿಗೆ ಯಾವ ಗಳಿಗೆಯಲ್ಲಿ ಎರಡನೆಯ ಕರೆ ಬಂದೀತೋ ಎಂದು ಅವರು ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅದು ಬಂದರೆ ಈ ಬಾಗಿಲು ತೆರೆದೂ ಪ್ರಯೋಜನವಿರಲಿಲ್ಲ.

ಕೊನೆಗೆ ಅವರು ಹೊಸ್ತಿಲ ಮೇಲೆ ಕೂತು, ಬಾಗಿಲಿಗೆ ಬಾಯಿ ಹಚ್ಚಿ, ಇಡೀ ಸೇವೆಯಲ್ಲಿ ಯಾರಿಗೂ ಆಡದಿದ್ದ ಮಾತನ್ನು ಆಡಿದರು.

"ಅಮೀರುನ್ನೀಸಮ್ಮ, ಕೇಳು. ಅವತ್ತು ನಾನು ಸುಳ್ಳು ಹೇಳಿದೆ, ಹೌದು. ಇವತ್ತು ಎಲ್ಲಾ ಹೇಳ್ತೀನಿ. ಎಡಗಾಲು ಮೊಣಕಾಲ ತನಕ ಹೋಗೈತೆ. ಹೊಟ್ಟೇಲಿ ಚೂರು ಹೊಕ್ಕಾವೆ. ರಕ್ತ ಬಾಳ ಹೋಗೈತೆ. ಒಂಬತ್ತು ಗಂಟೇಗೆ ಜೀವ ಇತ್ತು. ಈಗ ಐತೋ ಇಲ್ವೋ ನಂಗೂ ಗೊತ್ತಿಲ್ಲ. ಉಳೀತಾನೆ ಅಂತ ನಾನು ಹೇಳಲ್ಲ. ಅರ್ಜಿ ತುಂಬಿದ ಕೈ ಇದೇ. ನಂಗೂ ಜೀವ ಹೋಗಂಗೆ ಹೆದರಿಕೆ ಆಗ್ತೈತಮ್ಮ."

ಒಳಗೆ ಪೆಟ್ಟಿಗೆ ತೆರೆದ ಸದ್ದು ಕೇಳಿತು. ಆಮೇಲೆ ಚಿಲಕ ಸರಿಯಿತು. ಅಮೀರುನ್ನೀಸಾ ಬುರ್ಖಾ ಹಾಕಿಕೊಂಡು, ಕೈಯಲ್ಲಿ ಮಗನ ಒಂದು ಜೊತೆ ಬಟ್ಟೆ ಹಿಡಿದು ನಿಂತಿದ್ದಳು.

"ಸುಳ್ಳು ಹೇಳೋರು ಇಷ್ಟು ಕೆಟ್ಟದ್ದು ಹೇಳಲ್ಲ," ಎಂದಳು. "ನಡೀರಿ, ರೈಲು ಎಷ್ಟೊತ್ತಿಗೆ?"

ರೈಲು ಸಿಕ್ಕಿತು. ರಜೆಯ ಅರ್ಜಿಯನ್ನೂ ಕೊಡದೆ ಪಂಚಾಕ್ಷರಪ್ಪನವರು ಆಕೆಯ ಜೊತೆಗೇ ಹತ್ತಿದರು. ಒಂದೂವರೆ ದಿನದ ಆ ಪ್ರಯಾಣದಲ್ಲಿ ಪಕ್ಕದವರ ಫೋನು ಸದ್ದು ಮಾಡಿದರೂ ಇಬ್ಬರೂ ಬೆಚ್ಚುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಇವರ ಫೋನೇ ಹೊಡೆದುಕೊಂಡಿತು, ಆಸ್ಪತ್ರೆಯ ನಂಬರು. ಹದಿನೇಳು ವರ್ಷ ಸಿಪಾಯಿಯಾಗಿದ್ದವರ ಬೆರಳು ಆ ಹಸಿರು ಗುಂಡಿಯನ್ನು ಒತ್ತಲು ಒಪ್ಪಲಿಲ್ಲ. ಅಮೀರುನ್ನೀಸಾಳೇ ಫೋನು ಕಿತ್ತುಕೊಂಡು ಕಿವಿಗೆ ಹಿಡಿದು ಹಲೋ ಎಂದಳು. ಆ ಕಡೆಯಿಂದ ಕೇಳಿಯೂ ಕೇಳದಂಥ ಒಂದು ದನಿ, "ಅಮ್ಮೀ, ಸಾಹೇಬ್ರು ಮನೀಗೆ ಬಂದಿದ್ರಾ? ಹೆದರ್ಕೋಬ್ಯಾಡ, ನಾನದೀನಿ" ಎಂದಿತು. ಪಂಚಾಕ್ಷರಪ್ಪನವರು ಎದ್ದು ಹೋಗಿ ಬೋಗಿಯ ಬಾಗಿಲಲ್ಲಿ ನಿಂತು, ಯಾರೂ ನೋಡದಂತೆ, ಮಕ್ಕಳ ಹಾಗೆ ಅತ್ತರು.

ಮುಂದಿನದೆಲ್ಲ ಅವರಿಗೆ ಅಂಗೈಯಷ್ಟೇ ಪರಿಚಿತವಾದ ಕೆಲಸ. ಕೃತಕ ಕಾಲಿಗೆ ಓಡಾಟ, ವೈದ್ಯಕೀಯ ಮಂಡಳಿಯ ಕಾಗದಗಳು, ಅಂಗವೈಕಲ್ಯ ಪಿಂಚಣಿ, ಹುಡುಗನಿಗೊಂದು ಕಂಪ್ಯೂಟರ್ ತರಬೇತಿ ಎಲ್ಲವನ್ನೂ ನಿವೃತ್ತಿಯ ದಿನಾಂಕದೊಳಗೆ ಮುಗಿಸಬೇಕೆಂದು ಹಟ ತೊಟ್ಟು ಮುಗಿಸಿದರು. ತಮ್ಮ ಜಾಗಕ್ಕೆ ಬರುವವರಿಗಾಗಿ ಒಂದು ಹಾಳೆಯನ್ನೂ ಬರೆದಿಟ್ಟಿದ್ದಾರೆ. "ಸುದ್ದಿಗೆ ಚಹಾದಂಥ ಗುರುತುಗಳನ್ನು ಮಾಡಿಕೊಳ್ಳಬೇಡಿ. ಇದ್ದದ್ದನ್ನು ಇದ್ದ ಹಾಗೆ, ಮೊದಲ ಮಾತಿನಲ್ಲೇ ಹೇಳಿ" ಎಂದು ಅದರಲ್ಲಿದೆ.

ನಿವೃತ್ತಿಯ ಮಾತು ಕೇಳಿ ಅಮೀರುನ್ನೀಸಾ ಕಳೆದ ತಿಂಗಳು ಅವರನ್ನು ಊಟಕ್ಕೆ ಕರೆದಳು. ಕೆಲಸವಿಲ್ಲದೆ ಅವರು ಆ ಮನೆಗೆ ಹೋದದ್ದು ಅದೇ ಮೊದಲು. ಜಮೀರ್ ತಾನೇ ನಡೆದು ಬಂದು ಬಾಗಿಲು ತೆರೆದ. ಊಟ ಬಡಿಸುವಾಗ ಆಕೆಯ ಕೈಯ ಸೌಟು ತಟ್ಟೆಗೆ ತಾಗಿ ಟಕಟಕ ಸದ್ದಾಗುತ್ತಿದ್ದುದನ್ನು ಇವರು ಗಮನಿಸಿ, ಏನಮ್ಮ ಎಂದು ಕೇಳಿದರು.

"ಏನ್ಮಾಡ್ಲಿ ಸಾಹೇಬ್ರೇ, ಮಗ ಎದುರಿಗೇ ಕುಂತಾನೆ. ಆದ್ರೂ ನೀವು ಬಾಗಿಲಿಗೆ ಬಂದ್ರೆ ಎದಿ ಝಲ್ ಅಂತೈತೆ. ಬೇಜಾರಾಗ್ಬ್ಯಾಡ್ರಿ. ಅದು ನಿಲ್ಲೋ ತನಕ ಹಿಂಗೇ ಸುಮ್ನೆ ಬರ್ತಾ ಇರ್ರಿ."

ಪಂಚಾಕ್ಷರಪ್ಪನವರು ಈಗ ಪ್ರತಿ ಶುಕ್ರವಾರ ಸಾಸ್ವೆಹಳ್ಳಿಗೆ ಹೋಗಿಬರುತ್ತಾರೆ. ಅವರ ಹೆಜ್ಜೆಯ ಸದ್ದಿಗೆ ಎದೆ ನಡುಗುವ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಮುನ್ನೂರರ ಮೇಲಿವೆ. ಒಂದೊಂದು ಮನೆಗೂ ಆ ನಡುಕ ನಿಲ್ಲುವಷ್ಟು ಸಲ ಸುಮ್ಮನೆ ಹೋಗಿಬರಲು ಎಷ್ಟು ಆಯುಷ್ಯ ಬೇಕೋ, ಅಷ್ಟನ್ನೂ ದೇವರು ಅವರಿಗೆ ಕೊಡಲಿ.